ಹಾಯಿಗೆ ವಿಭೂತಿ ಬಳಿದ ಹಡಗು

ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಉರಿಯುತ್ತೆ ನನಗೆ. ಅರಸೀಕೆರೆ ಪೇಟೆಯಲ್ಲಿ ಕಾಂತಕ್ಕನ ಎದುರುಮನೆಯಲ್ಲಿ ಬ್ಲೌಸು ಹೊಲಿಯೋಳು ನಾನು. ಪುಷ್ಪಲತಾದು ಬಾಯಿ ಜೋರು ಅಂತ ಬೀದಿಯವರು ಆಡಿಕೊಳ್ತಾರೆ. ಆಡಿಕೊಳ್ಳಲಿ. ಕಾಂತಕ್ಕನ ಬಾಯಿ ಜೋರಿರಲಿಲ್ಲ, ಅದಕ್ಕೇ ಇಷ್ಟೆಲ್ಲ ಆಗಿದ್ದು.

ಕಾಂತಕ್ಕನನ್ನ ಜಾವಗಲ್ಲಿಗೆ ಕೊಟ್ಟಿದ್ದರು. ಗಂಡ ಹೋದ ಮೇಲೆ ತವರಿಗೆ ಬಂದು ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂತಳು. ತಮ್ಮಂದಿರು ಇಬ್ಬರು, ಉದಯಕುಮಾರ್ ಮತ್ತೆ ಚನ್ನೇಶ್. ಒಬ್ಬನಿಗೆ ಕಾಲೇಜು, ಇನ್ನೊಬ್ಬನಿಗೆ ಕ್ರಿಕೆಟ್ಟು. ಕೊಬ್ಬರಿ ಆರಿಸೋದು, ಚೀಲ ತುಂಬಿಸೋದು, ಹಾಸಿಗೆ ಹಿಡಿದ ಅಪ್ಪನಿಗೆ ಗಂಜಿ ಕುಡಿಸೋದು, ಎಲ್ಲಾ ಇವಳು. ಮಂಡಿ ಯಾರದು ಅಂತ ಕೇಳಿದರೆ ಮಾತ್ರ ತಮ್ಮಂದಿರದು!

ಆ ಮಂಡಿಯ ಗೋಡೆ ಮೇಲೆ ಒಂದು ದೊಡ್ಡ ಚಿತ್ರ ಇತ್ತು. ಮರದ ಹಲಗೆ ಮೇಲೆ ಎಣ್ಣೆಬಣ್ಣದಲ್ಲಿ ಬರೆದದ್ದು. ಇವಳ ತಾತ ಮಂಗಳೂರಿಗೆ ಕೊಬ್ಬರಿ ಕಳಿಸ್ತಿದ್ದಾಗ ಅಲ್ಲಿನ ಯಾವುದೋ ಹಳೇ ಬಂಗಲೆ ಹರಾಜಿನಲ್ಲಿ ತಂದನಂತೆ. ಯಾವುದೋ ದೇಶದ ಬಂದರು. ಬಲಗಡೆಯಿಂದ ದೊಡ್ಡ ಹಾಯಿ ಬಿಚ್ಚಿಕೊಂಡು ಬರೋ ಹಡಗು. ಎಡಗಡೆ ಕಟ್ಟೆ ಮೇಲೆ ಪೀಪಾಯಿ, ಮೂಟೆ, ತಕ್ಕಡಿ ಹಿಡಿದವನು, ಅವನ ಪಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಹಡಗನ್ನೇ ನೋಡ್ತಾ ನಿಂತ ಹೆಂಗಸು. ಬರೆದವರ ಹೆಸರಿಲ್ಲ. ಆಯುಧಪೂಜೆ ದಿನ ತಕ್ಕಡಿಗೆ ವಿಭೂತಿ ಬಳಿದ ಕೈಯಲ್ಲೇ ತಾತ ಹಡಗಿನ ಹಾಯಿಗೂ ಮೂರು ಬೆರಳು ಎಳೆಯೋನು. ‘ಅದೂ ವ್ಯಾಪಾರದ್ದೇ ಅಲ್ವೇನೇ’ ಅನ್ನೋನಂತೆ. ಅವನಾದ ಮೇಲೆ ಅಪ್ಪ, ಅಪ್ಪ ಹಾಸಿಗೆ ಹಿಡಿದ ಮೇಲೆ ಕಾಂತಕ್ಕ. ಬಳಿದೂ ಬಳಿದೂ ಹಡಗು ಶೈವ ಆಗಿಹೋಗಿತ್ತು.

ಕಾಂತಕ್ಕ ಸಮುದ್ರ ಕಂಡವಳಲ್ಲ. ಮಧ್ಯಾಹ್ನ ಮಂಡಿ ಖಾಲಿಯಾದಾಗ ಎಲೆಅಡಿಕೆ ಹಾಕ್ಕೊಂಡು ಚಿತ್ರದ ಮುಂದೆ ಕೂರೋಳು. ಕಟ್ಟೆ ಮೇಲಿನ ಹೆಂಗಸನ್ನ ತೋರಿಸಿ ‘ಲೇ ಪುಷ್ಪಾ, ಇವಳ ಗಂಡ ಇನ್ನೇನು ದಡ ಮುಟ್ಟಿದ ಕಣೇ’ ಅನ್ನೋಳು. ಅಷ್ಟು ಹೇಳೋವಾಗ ಅವಳ ಮುಖ ನೋಡಬೇಕಿತ್ತು ನೀವು.

ಅಪ್ಪ ತೀರಿಕೊಂಡರು, ಪಾಲಿನ ಮಾತು ಬಂತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಅಂತ ಒಂದು ಸೀರೆ ಕೊಟ್ಟು, ನಮಗೇನೂ ಬೇಡ ಅಂತ ಸಹಿ ಹಾಕಿಸಿಕೊಂಡುಬಿಡ್ತಾರೆ. ಕಾನೂನು ಅದರ ಪಾಡಿಗೆ ಅದು ಇರುತ್ತೆ. ಗಂಡ ಸತ್ತವಳಿಗೆ ಅರಿಶಿನ ಕುಂಕುಮದ ಹೆಸರಲ್ಲಿ ಸೀರೆ, ನಾಚಿಕೆ ಬೇಡವಾ? ಕಾಂತಕ್ಕ, ‘ಸೀರೆ ಬೇಡ ಕಣ್ರಪ್ಪಾ, ಆ ಚಿತ್ರ ಕೊಡಿ, ಸಹಿ ಹಾಕ್ತೀನಿ’ ಅಂದಳು. ‘ತಗೋ ಅಕ್ಕ, ಆ ಹಳೇ ಪಟ ಯಾರಿಗೆ ಬೇಕು’ ಅಂದರು ಇಬ್ಬರೂ.

ಅಷ್ಟರಲ್ಲಿ ಹಳೇಬೀಡು ನೋಡೋಕೆ ಬಂದಿದ್ದ, ಚಿತ್ರದ ವಿಷಯ ಬಲ್ಲವರೊಬ್ಬರು ಮಂಡಿಗೂ ಬಂದರು. ಉದಯಕುಮಾರನ ಸ್ನೇಹಿತನ ನೆಂಟರು. ‘ಹದಿನೆಂಟನೇ ಶತಮಾನದ ಶುರುವಿನದಿರಬಹುದು. ಮುನ್ನೂರು ವರ್ಷ ಆಯ್ತು, ಜೋಪಾನ’ ಅಂದು ಹೋದರು. ಅಷ್ಟೇ ನೋಡಿ, ಅಕ್ಕನಿಗೆ ಕೊಟ್ಟ ಮಾತು ಗಾಳಿಗೆ ಹೋಯ್ತು. ನನಗೇ ಬೇಕು ಅಂತ ಒಬ್ಬ, ನನಗೇ ಅಂತ ಇನ್ನೊಬ್ಬ. ಪಾಲು ಮಾಡಿಸೋಕೆ ಕೂತ ಹಿರಿಯರು ಹಂಡೆ, ಒರಳುಕಲ್ಲಿನವರೆಗೆ ಸಮ ಮಾಡಿದವರು. ‘ಇದೊಂದಕ್ಕೆ ಯಾಕೆ ತಕರಾರು, ಇದನ್ನೂ ಸಮ ಮಾಡಿಬಿಡಿ’ ಅಂದರು. ಬಡಗಿ ಬಂದ, ಅಳತೆ ಹಿಡಿದ, ನಟ್ಟನಡುವೆ ಗರಗಸ ಇಟ್ಟ. ಇವರ ಬುದ್ಧಿಗಿಷ್ಟು ಬೆಂಕಿ ಹಾಕ! ಹಾಯಿಯ ವಿಭೂತಿ ಮೇಲೇ ಸೀಳು ಬಿತ್ತು. ಹಡಗು ಚನ್ನೇಶನ ಮನೆಗೆ ಹೋಯ್ತು, ಹೆಂಗಸು ಉದಯಕುಮಾರನ ಮನೆಗೆ.

ಮಠಕ್ಕೆ ಹೋಗಿದ್ದ ಕಾಂತಕ್ಕ ಬರೋ ಹೊತ್ತಿಗೆ ಗೋಡೆ ಬೋಳಾಗಿತ್ತು. ನೆಲದ ಮೇಲಿನ ಮರದ ಹೊಟ್ಟನ್ನ ಬೆರಳಲ್ಲಿ ಒತ್ತಿ ನೋಡಿದಳು. ಅದರಲ್ಲಿ ನೀಲಿ ಬಣ್ಣ ಇತ್ತು. ಅಳಲಿಲ್ಲ. ಅವಳ ಬದಲು ಬೀದಿಗೆಲ್ಲ ಕೇಳೋ ಹಾಗೆ ನಾನು ಬೈದೆ.

ಅಕ್ಕ ಇನ್ನೂ ಸಹಿ ಹಾಕಿರಲಿಲ್ಲ, ಮಂಡಿ ಮಾರೋಕೆ ಅದು ಬೇಕಿತ್ತು. ರಿಜಿಸ್ಟ್ರಾರ್ ಆಫೀಸಿಗೆ ಕರಕೊಂಡು ಹೋದರು, ನಾನೂ ಜೊತೆಗೆ ಹೋದೆ. ‘ನಿಮ್ಮ ಒಪ್ಪಿಗೆ ಇದೆಯೇನಮ್ಮಾ?’ ಅಂತ ಸಾಹೇಬರು ಕೇಳಿದರು. ಕಾಂತಕ್ಕ ಪೆನ್ನು ಕೆಳಗಿಟ್ಟಳು.

‘ಇಲ್ಲ ಸಾರ್.’

‘ಏನಕ್ಕಾ ಇದು? ಕೊಳ್ಳೋರು ಕಾಯ್ತಾವ್ರೆ!’ ಅಂದ ಚನ್ನೇಶ.

‘ಆ ಚಿತ್ರಾನ ಎರಡು ಮಾಡೋಕೆ ಕೈ ಬಂತಲ್ಲೋ ನಿಮಗೆ? ಈಗ ಮಂಡೀನ ಮೂರು ಮಾಡಿ. ನಂದೂ ಸಮಪಾಲೇ.’

ನಾನು ಅಲ್ಲೇ ಚಪ್ಪಾಳೆ ಹೊಡೆದುಬಿಟ್ಟೆ. ಸಾಹೇಬರು ಗದರಿದರು, ಗದರಲಿ.

ಸಂಜೆ ಅಣ್ಣತಮ್ಮ ಇಬ್ಬರೂ ಎರಡು ಹೋಳನ್ನೂ ಹೊತ್ತುಕೊಂಡು ಬಂದರು. ಹಿಂದೆ ಪಟ್ಟಿ ಹೊಡೆಸಿ ಜೋಡಿಸಿದ್ದರು. ‘ತಗೋ ಅಕ್ಕ, ನಿನ್ನ ಚಿತ್ರ. ನಾಳೆ ಬಂದು ಸಹಿ ಹಾಕು’ ಅಂದ ಉದಯಕುಮಾರ್.

ಕಾಂತಕ್ಕ ಎದ್ದು ಬಂದು ಹಾಯಿಯ ಸೀಳಿನ ಮೇಲೆ ಕೈಯಾಡಿಸಿದಳು. ‘ಅಲ್ಲಿ ಒರಗಿಸಿ’ ಅಂದಳು. ಒರಗಿಸಿದರು.

‘ಇದು ನೀವು ಮಾತು ಕೊಟ್ಟ ದಿನವೇ ನಂದಾಗಿತ್ತು ಕಣ್ರೋ. ಮೂರು ಪಾಲಿನ ಕಾಗದ ತನ್ನಿ, ಸಹಿ ಹಾಕ್ತೀನಿ.’