ಗುಬ್ಬಿಯ ನಾಮದ ಪೆಟ್ಟಿಗೆ

ಕ್ಯಾತ್ಸಂದ್ರದ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಮೊನ್ನೆ ನನಗೆ ಕಾಫಿ ತಂದಿಟ್ಟದ್ದು ಮೇಜಿನ ಮೇಲಲ್ಲ, ಹಳೆಯ ಮಿಲಿಟರಿ ಪೆಟ್ಟಿಗೆಯೊಂದರ ಮೇಲೆ. ಈಗ ಅದೇ ಫ್ಯಾಶನ್ನಂತೆ. "ಸಾರ್, ನೀವು ಹಳೇ ಮರದ ವ್ಯಾಪಾರ ಮಾಡ್ತಿದ್ರಂತಲ್ಲ, ಇದು ಗುಂಡಿನ ಪೆಟ್ಟಿಗೇನಾ ನೋಡಿ" ಎಂದ ಹೋಟೆಲಿನ ಯಜಮಾನ. ಕಾಫಿ ಆರಲು ಬಿಟ್ಟು ಬಗ್ಗಿದೆ.

ನಿಮಗೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬಂದೀತು. ಪೆಟ್ಟಿಗೆಯ ಮುಖ ನೋಡಿ ಮರುಳಾಗಬೇಡಿ. ತಳ ನೋಡಿ, ಮೊಳೆ ನೋಡಿ. ಮದ್ದುಗುಂಡಿನದಾದರೆ ತಾಮ್ರದ್ದೋ ಹಿತ್ತಾಳೆಯದೋ ಮೊಳೆ ಇರುವುದುಂಟು, ಕಬ್ಬಿಣ ಕಿಡಿ ಹಾರಿಸೀತೆಂಬ ಭಯಕ್ಕೆ. ಬ್ರಿಟಿಷರ ಕಾಲದ್ದಾದರೆ ಮೇಲ್ಮುಖವಾದ ಬಾಣದ ಗುರುತು, ಮೂರೇ ಗೀರು. ಇದನ್ನು ನಾನು ಓದಿ ಕಲಿತವನಲ್ಲ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಹರಾಜುಗಳಲ್ಲಿ ಇಂಥವನ್ನು ಹಿಡಿದು, ತುಮಕೂರಿನ ಅಂಗಡಿಗಳಿಗೆ ಮಾರಿ ಮನೆ ಕಟ್ಟಿದವನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರಿಲ್ಲ ಎಂದು, ಹೆಂಡತಿಯ ಎದುರೊಂದು ಬಿಟ್ಟು, ಎಲ್ಲೆಡೆ ಹೇಳಿಕೊಳ್ಳುತ್ತಿದ್ದೆ.

ಆಗೊಮ್ಮೆ ಗುಬ್ಬಿಯಿಂದ ಕರೆ ಬಂತು. ಗಿರಿಯಪ್ಪ ಎಂಬವರ ಮನೆ ಪಾಲಾಗುತ್ತಿತ್ತು. ಅವರೂ ಹೆಂಡತಿ ಜಯಮ್ಮನೂ ಕುಣಿಗಲ್ಲಿಗೆ ಹೋಗಿ ಬಟ್ಟೆ ಅಂಗಡಿ ಇಡುವವರು. ಗಂಡನನ್ನು ಕಳೆದುಕೊಂಡ ಅತ್ತಿಗೆ ನರಸಮ್ಮ ಅಲ್ಲೇ ಉಳಿಯುವವರು. ಮಂಚ, ಬೀರು, ಒರಳುಕಲ್ಲು ಎಲ್ಲ ತಕರಾರಿಲ್ಲದೆ ಹಂಚಿಹೋಗಿ ದೇವರಮನೆಯ ಪೆಟ್ಟಿಗೆಯೊಂದು ಉಳಿದಿತ್ತು. ಗಿರಿಯಪ್ಪನವರ ತಂದೆ ಎಲ್ಲಿಂದಲೋ ತಂದದ್ದಂತೆ. ಅದರ ಮುಖದ ಮೇಲೆ ನಾಮ ಇದ್ದದ್ದರಿಂದ ದೇವರಮನೆ ಸೇರಿತ್ತು.

"ಇದೊಂದು ನಂಗೆ ಬುಡಿ, ಬ್ಯಾರೆ ಏನೂ ಬ್ಯಾಡ" ಎಂದರು ನರಸಮ್ಮ.

"ಅಷ್ಟು ಸಲೀಸಾ ಅಕ್ಕಾ? ದೇವ್ರನ್ನ ಇಲ್ಲೇ ಬಿಟ್ಟೋದ್ರೆ ನಮ್ ಅಂಗಡಿ ಏಳ್ತದಾ?" ಎಂದರು ಜಯಮ್ಮ.

ಗಿರಿಯಪ್ಪ ನನ್ನತ್ತ ತಿರುಗಿ, "ಪೆಟ್ಗೆ ಬಲ್ಲೋರ್ನ ಕರ್ಸಿ ಅಂತ ಅತ್ಗೇನೇ ಅಂದ್ರು. ನೀವೇ ಏನಾದ್ರೂ ಬಗೆಹರಿಸಿ" ಎಂದರು.

ಪೆಟ್ಟಿಗೆಗೆ ಎಣ್ಣೆ, ಕುಂಕುಮ, ಹೊಗೆ ಕೂತು ಕಪ್ಪು ಚರ್ಮವೇ ಬೆಳೆದಿತ್ತು. ನಾನು ಕೇಳುವ ಮೊದಲೇ ನರಸಮ್ಮ ಎಣ್ಣೆಬಟ್ಟೆ ತಂದು ಕೈಗಿತ್ತರು. ಒರೆಸಿದೆ. ನಾಮದ ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳು ಎದ್ದವು, ಎಲ್ಲವೂ ತಲೆಕೆಳಗೆ. ಕೀಲುಗಳು ನೆಲಕ್ಕೆ ತಾಗಿದ್ದವು. ಮುಚ್ಚಳವನ್ನೇ ತಳ ಮಾಡಿ ಕೂರಿಸಿದ್ದರು!

"ಇದು ನಾಮ ಅಲ್ಲಮ್ಮಾ, ಬಾಣ. ಬ್ರಿಟಿಷ್ ಸರ್ಕಾರದ ಗುರುತು. ಪೆಟ್ಟಿಗೆ ಬೋರಲು ಬಿದ್ದಿದೆ, ಅದಕ್ಕೇ ನಾಮದ ಹಾಗೆ ಕಾಣ್ತಿದೆ. ಇಲ್ಲಿ ಬರೆದಿರೋದು... ಬೂಟು. ಸಿಪಾಯಿಗಳ ಬೂಟಿನ ಪೆಟ್ಟಿಗೆ."

ಜಯಮ್ಮ ಎರಡು ಹೆಜ್ಜೆ ಹಿಂದೆ ಸರಿದರು. "ಥೂ, ಚರ್ಮದ್ದಾ! ಇಷ್ಟ್ ದಿನ ಇದ್ಕಾ ಅಡ್ಡಬಿದ್ದಿದ್ದು? ನಂಗ್ ಬ್ಯಾಡವೇ ಬ್ಯಾಡ. ಅಕ್ಕನೇ ಇಟ್ಕಳ್ಲಿ."

ಪಾಲು ಅಲ್ಲಿಗೆ ಮುಗಿಯಿತು. ಜಗಳ ಬಗೆಹರಿಸಿದೆನೆಂದು ನನಗೆ ಒಳಗೊಳಗೇ ಜಂಬ. ಆದರೂ ಬಾಗಿಲವರೆಗೆ ಬಂದ ನರಸಮ್ಮನಿಗೆ, "ಬೇಜಾರು ಮಾಡ್ಕೋಬೇಡಿ ತಾಯಿ" ಎಂದೆ.

"ಯಾಕ್ ಬೇಜಾರು? ವರ್ಷವರ್ಷ ತೊಳೆಯೋಳು ನಾನಲ್ವಾ? ತಲೆಕೆಳ್ಗಾಗೈತೆ ಅಂತ ಯಾವತ್ತೋ ಗೊತ್ತು."

"ಮೊದಲೇ ಹೇಳಬಹುದಿತ್ತಲ್ಲ?"

"ನಾನ್ ಹೇಳಿದ್ರೆ, ಪೆಟ್ಗೆ ಹೊಡ್ಕಳಕ್ಕೆ ಸುಳ್ಳು ಹೇಳ್ತಾಳೆ ಅಂತಿದ್ಲು ಜಯಮ್ಮ. ಅದ್ಕೇ ನಿಮ್ಮನ್ನ ಕರ್ಸಿದ್ದು."

ನಾನು ಚಪ್ಪಲಿ ಮೆಟ್ಟುವುದನ್ನೂ ಮರೆತು ನಿಂತೆ. ದೇವರಲ್ಲವೆಂದು ಗೊತ್ತಿದ್ದೂ ಯಾಕೆ ಬೇಕಿತ್ತು ಎಂದು ಕೇಳಿದೆ.

"ಗೊತ್ತಾಗೋ ಹೊತ್ಗೆ ಹೇಳ್ಕಳೋದೆಲ್ಲಾ ಅದ್ರ ಮುಂದೇನೇ ಹೇಳ್ಕಂಡಾಗಿತ್ತು. ನಮ್ಮೋರು ಹೋದಾಗ್ಲೂ ಅದ್ರ ಮುಂದೇನೇ ಅತ್ತಿದ್ದು. ಅದನ್ನ ಇನ್ನೊಬ್ರ ಮನೆಗೆ ಹೆಂಗಪ್ಪಾ ಕಳಿಸ್ಲಿ?"

ಹೋಟೆಲಿನ ಯಜಮಾನ ಇನ್ನೂ ಕಾಯುತ್ತ ನಿಂತಿದ್ದ. ಮೊಳೆ ನೋಡಿದ್ದೆ, ಬರಹ ಓದಿದ್ದೆ. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಅಲ್ಲೇ ತಡೆದು, "ಎಲ್ಲಿಂದ ಬಂತಪ್ಪ ಇದು ನಿನಗೆ?" ಎಂದೆ.

"ನಮ್ ತಾತಂದು ಸಾರ್" ಎಂದವನು ಕೈಲಿದ್ದ ಬಟ್ಟೆಯನ್ನು ಹೆಗಲಿಗೇರಿಸಿ, ಎದುರಿನ ಕುರ್ಚಿ ಎಳೆದು ಕೂತ.