ಡಾಕ್ಟರಾಗುವವಳ ಅಪ್ಪ
ಕುವೈತಿನ ರಾಯ್ ಪೇಟೆಯಲ್ಲಿ ಟೈರ್ ಮಾರುವ ಮೋನಪ್ಪನ ಮಗಳು ತೃಪ್ತಿ ಮೆಡಿಕಲ್ಲಿಗೆ ಇನ್ನೂ ಸೇರಿರಲಿಲ್ಲ, ಸೇರಲು ಬೇಕಾದ ಪಾಠಗಳನ್ನು ಅಲ್ಲಿನ ಸಣ್ಣದೊಂದು ಕಾಲೇಜಿನಲ್ಲಿ ಓದುತ್ತಿದ್ದಳು ಅಷ್ಟೆ. ಆದರೆ ಹಾಗೆಂದವರ ಜೊತೆ ಅವನು ಮಾತೇ ಬಿಟ್ಟುಬಿಡುತ್ತಿದ್ದ. ಕಾಲೇಜಿನ ಮೇಲೂ ಅವನಿಗೆ ಸಿಟ್ಟೇ. "ಡಾಕ್ಟರಾಗುವವಳಿಗೆ ಇಂಗ್ಲಿಷ್ ಪದ್ಯ ಎಂತಕ್ಕೆ ಮಾರಾಯ್ರೆ? ಪದ್ಯ ಹೇಳಿ ಹೊಲಿಗೆ ಹಾಕ್ಲಿಕ್ಕುಂಟಾ?" ಮಾರ್ಕೆಟಿನಲ್ಲಿ ಬಂಗುಡೆ ಮೀನಿಗೆ ಕತ್ತಿ ತಾಗಿಸಲು ಬಿಡುತ್ತಿರಲಿಲ್ಲ, ಮನೆಯಲ್ಲಿ ಮಗಳು ಅದರ ಹೃದಯ, ಪಿತ್ತಕೋಶ ಬಿಡಿಸಿ ಹೆಸರು ಹೇಳಿದ ಮೇಲೆಯೇ ಅದು ಕಾವಲಿಗೆ ಬೀಳಬೇಕು. ಕೊಲ್ಲಿ ಯುದ್ಧ ಮುಗಿದು ಕಾಲೇಜು ತೆರೆದಾಗ ಲ್ಯಾಬನ್ನು ಇರಾಕಿ ಸೈನಿಕರು ದೋಚಿದ್ದರು, ಮಕ್ಕಳ ಅಂಕಗಳ ದಾಖಲೆಗಳೆಲ್ಲ ಸುಟ್ಟುಹೋಗಿದ್ದವು. ಬಯಾಲಜಿ ಮೊದಲಿನಿಂದ ಓದಿ ಎಂದರು ಕಾಲೇಜಿನವರು. "ಕದ್ದದ್ದು ಯಾರೋ, ವರ್ಷ ಹೋದದ್ದು ನನ್ನ ಮಗಳದ್ದು!" ಎಂದು ಬೊಬ್ಬೆ ಹೊಡೆದ ಮೋನಪ್ಪ ಸೀದಾ ಹೋಗಿ ಬಂಗುಡೆ ತಂದ. ಅಂದು ಉರಿಯುವ ಎಣ್ಣೆಬಾವಿಗಳ ಹೊಗೆಗೆ ಮಧ್ಯಾಹ್ನವೇ ಕತ್ತಲು, ಕರೆಂಟೂ ಇರಲಿಲ್ಲ. ತೃಪ್ತಿ ಮತ್ತೆ ಮೊದಲಿನಿಂದ ಮೀನು ಸೀಳಿದಳು. ಅಪ್ಪ ಟಾರ್ಚ್ ಹಿಡಿದು ಕಾಲೇಜಿಗೆ ಶಾಪ ಹಾಕುತ್ತಲೇ ಇದ್ದ. ರಕ್ತ ಕಂಡರೆ ತಲೆ ತಿರುಗುವ ಮನುಷ್ಯ. ಮುಖ ಗೋಡೆಯ ಕಡೆಗಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಮಗಳು ಒಮ್ಮೆ ಅವನ ಕೈ ಹಿಡಿದು ಸರಿಮಾಡಿ ಕೊಟ್ಟ ಟಾರ್ಚಿನ ಬೆಳಕು ಮಾತ್ರ ಆ ಪುಟ್ಟ ಹೃದಯದ ಮೇಲಿಂದ ಅಲುಗಲಿಲ್ಲ.