ಮಡಿಯ ದಿನ ಬಿದ್ದ ಟಿಕ್

ಇದನ್ನು ಕಟ್ಟುಕಥೆ ಎಂದುಕೊಂಡು ನೀವು ಓದಿದರೆ ನನಗೇ ಸಮಾಧಾನ. ಆದರೆ ಇದು ನಡೆದದ್ದು ತಾಂಬರಂನ ನಮ್ಮ ಫ್ಲ್ಯಾಟಿನಲ್ಲಿ, ನನ್ನ ಕಣ್ಣೆದುರಿಗೇ. ಅಪರಾತ್ರಿಯೂ ಅಲ್ಲ, ಹಾಡುಹಗಲು. ಈಗ ಬರೆಯುವಾಗಲೂ ನಾನು ಮುಂಬಾಗಿಲಿಗೆ ಬೆನ್ನು ಕೊಟ್ಟು ಕೂತಿಲ್ಲ.

ಆ ಬೆಳಿಗ್ಗೆ ಎಂದಿನಂತೆ ಬಾಗಿಲ ಹಿಡಿಗೆ ತೂಗುಹಾಕಿದ್ದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡೆ. ಮೋಟಾರ್ ಹಾಕಿದೆ. ತುಳಸಿಗೆ ನೀರೆರೆದೆ. ದೂರದಲ್ಲಿ ಮೊದಲ ಲೋಕಲ್ ರೈಲಿನ ಸದ್ದು. ಆಮೇಲೆ ತಲೆಗೆ ಸ್ನಾನ ಮಾಡಿ ಮಡಿ ಸೀರೆ ಉಟ್ಟೆ. ಅಂದು ನಮ್ಮ ಮಾವನವರ ಶ್ರಾದ್ಧ.

ಮಡಿ ಉಡುವ ಮೊದಲು ಮಾಡಿದ ಕೊನೆಯ ಕೆಲಸವೆಂದರೆ ಫೋನನ್ನು ಫ್ರಿಜ್ಜಿನ ಮೇಲೆ ಇಟ್ಟದ್ದು. ಇನ್ನು ಬ್ರಾಹ್ಮಣರ ಊಟ ಮುಗಿಯುವವರೆಗೆ ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮಡಿ ಹೋಯಿತು, ಮಾಡಿದ ಅಡುಗೆಯೂ ಹೋಯಿತು.

ಫೋನಿನ ವಿಷಯ ಸ್ವಲ್ಪ ಹೇಳಬೇಕು. ನಾನೊಂದು ಅಡುಗೆಯ ಬ್ಲಾಗ್ ಬರೆಯುತ್ತೇನೆ. ಶ್ರಾದ್ಧದ ಅಡುಗೆ ಹೇಗೆ, ಯಾವ ತರಕಾರಿ ಸಲ್ಲುತ್ತದೆ, ಯಾವುದು ಸಲ್ಲದು ಎಂದು ಹೊಸದಾಗಿ ಮದುವೆಯಾದ ಹುಡುಗಿಯರು ಕೇಳುತ್ತಿರುತ್ತಾರೆ. ಕೆಲಸಗಳ ಪಟ್ಟಿಗೆ ಫೋನಿನಲ್ಲಿ ಬೇರೆಯದೇ ಒಂದು ಆ್ಯಪ್ ಇತ್ತು. ನನ್ನ ಮಗಳು ಅನಘಾ ಎರಡನ್ನೂ ಜೋಡಿಸಿಕೊಟ್ಟಿದ್ದಳು. ಇಲ್ಲೇ ತಮಿಳರ ನಡುವೆ ಬೆಳೆದವಳು, ಅವಳ ಮಾತಿನಲ್ಲಿ ಅರ್ಧ ತಮಿಳು.

"ಅಮ್ಮಾ, ನೀ ಟಿಕ್ ಪಣ್ಣಿನಾ ಪೋದುಂ. ಪೋಸ್ಟ್ ತಾನಾ ಪೋಯಿಡುಂ."

"ಟಿಕ್ ಹಾಕಿದ್ರೆ ಸಾಕಾ? ಪೋಸ್ಟ್ ತಾನಾಗೇ ಬ್ಲಾಗಿಗೆ ಹೋಗುತ್ತಾ? ನಾನು ಬೇರೆ ಏನೂ ಒತ್ತಬೇಕಿಲ್ವಾ?"

"ಒಣ್ಣುಮೇ ವೇಂಡಾಂ. ಟಾಸ್ಕ್ ಹೆಸರೇ ಟೈಟಲ್. ಕೆಳಗೆ ಬರೆದಿರೋ ನೋಟ್ಸೇ ಪೋಸ್ಟ್. ಅಷ್ಟೇಮ್ಮಾ."

ಅದರಂತೆ ಉದ್ದಿನ ವಡೆ, ಎಳ್ಳುಂಡೆ, ಮೆಣಸಿನ ಸಾರು, ಬಾಳೆಕಾಯಿ ಪಲ್ಯ, ಒಂದೊಂದರ ಕೆಳಗೂ ವಿಧಾನ ಬರೆದಿಟ್ಟಿದ್ದೆ. ಎಲ್ಲ ಮುಗಿದ ಮೇಲೆ ಸಾಯಂಕಾಲ ಕೂತು ಟಿಕ್ ಹಾಕೋಣ ಎಂದುಕೊಂಡಿದ್ದೆ. ಅನಘಾ ಆ ದಿನ ಮುಟ್ಟಾಗಿ 'ದೂರ'. ಹಾಗಾಗಿ ಹಿಂದಿನ ದಿನವೇ ಪೆರುಂಗುಡಿಯಲ್ಲಿರುವ ಗೆಳತಿಯ ರೂಮಿಗೆ ಹೋಗಿದ್ದಳು.

ನನಗಿದ್ದ ಚಿಂತೆಯೆಲ್ಲ ಅತ್ತೆಯದು. ಸಕ್ಕರೆ ಕಾಯಿಲೆಯ ಜೀವ. ಹಿಂದಿನ ತಿಂಗಳು ಉಪವಾಸವಿದ್ದು ತಲೆಸುತ್ತು ಬಂದು ಬಿದ್ದಿದ್ದರು. ಇನ್ನೊಮ್ಮೆ ಹೀಗೆ ಹಸಿದುಕೊಂಡಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಆದರೆ ಗಂಡನ ಶ್ರಾದ್ಧದ ದಿನ ಬ್ರಾಹ್ಮಣರ ಊಟವಾಗದೆ ಅವರು ಒಂದು ತೊಟ್ಟು ನೀರು ಸಹ ಮುಟ್ಟುವವರಲ್ಲ.

"ಅತ್ತೇ, ಒಂದು ಲೋಟ ಹಾಲಾದ್ರೂ ತಗೊಳ್ಳಿ."

"ಸುಮ್ನಿರೇ ಶೈಲಾ. ಅವರಿಗೆ ಹಾಕೋ ಮುಂಚೆ ನಾ ಕುಡಿದ್ರೆ ಅವರು ಸುಮ್ನೆ ಬಿಡ್ತಾರೇನು?" ಎಂದು ನಕ್ಕು ಜಪಸರ ಹಿಡಿದು ಹಿಂದಿನ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

ಹನ್ನೊಂದಾಗಿರಬೇಕು. ಹಾಲ್‌ನಲ್ಲಿ ನಮ್ಮ ಯಜಮಾನರು ಆಚಾರ್ಯರೆದುರು ಕೂತು ಸಂಕಲ್ಪ ಮಾಡುತ್ತಿದ್ದರು. ನಾನು ವಡೆಯ ಕೊನೆಯ ಒಬ್ಬೆ ತೆಗೆದು ಬಾಣಲೆ ಇಳಿಸಿದೆ.

ಟಿಣ್...

ಫ್ರಿಜ್ಜಿನ ಮೇಲಿನಿಂದ. ಪೋಸ್ಟ್ ಹೋದಾಗ ಬರುವಂಥದೇ ಸದ್ದು. ಆದರೆ ನಾನು ಟಿಕ್ ಹಾಕಿರಲಿಲ್ಲವಲ್ಲ, ಏನೋ ಜಾಹೀರಾತಿನ ಮೆಸೇಜ್ ಇರಬೇಕು ಎಂದುಕೊಂಡೆ.

ಎಳ್ಳುಂಡೆ ಕಟ್ಟಿ ತಟ್ಟೆಗೆ ಹಾಕಿದೆ.

ಟಿಣ್...

ಸಾರಿಗೆ ಕಾಳುಮೆಣಸಿನ ಪುಡಿ ಹಾಕಿ ಕುದಿಸಿ ಇಳಿಸಿದೆ. ಕೈ ಪಾತ್ರೆಯಿಂದ ಬಿಡುವ ಮೊದಲೇ ಟಿಣ್! ನನ್ನ ಬೆನ್ನ ಹಿಂದೆ ನಿಂತು ಯಾರೋ ಒಂದೊಂದನ್ನೇ ನೋಡಿ 'ಸರಿ, ಆಯಿತು' ಎನ್ನುವ ಹಾಗೆ.

ತಿರುಗಿ ನೋಡಿದೆ. ಯಾರೂ ಇಲ್ಲ. ಗ್ಯಾಸಿನ ಮೂರು ಒಲೆಗಳೂ ಉರಿಯುತ್ತಿದ್ದವು, ಹೊರಗೆ ಸುಡುಬಿಸಿಲು. ಆದರೂ ಫ್ರಿಜ್ಜಿನ ಆ ಮೂಲೆಯಿಂದ ತಣ್ಣನೆಯ ಗಾಳಿ. ಹಿಂಡದೆ ಹರವಿದ ಪಂಚೆಯಂಥ ಒದ್ದೆ ವಾಸನೆ...

ಪಲ್ಯಕ್ಕೆ ಕೈ ಹಾಕಲು ಹೆದರಿಕೆಯಾಯಿತು. ಬೇಕೆಂದೇ ನಿಧಾನ ಮಾಡಿದೆ. ಕೊನೆಗೆ ಸೌಟು ಕೆಳಗಿಟ್ಟಾಗ ಮತ್ತೆ ಟಿಣ್ ಎಂದಿತು. ಅಲ್ಲಿಗೆ ಪಟ್ಟಿಯಲ್ಲಿದ್ದದ್ದೆಲ್ಲ ಮುಗಿದಿತ್ತು. ಉಸಿರು ಬಿಟ್ಟೆ.

ಆಗ ಇನ್ನೊಂದು ಸಲ... ಟಿಣ್.

ನಾನೇನನ್ನೂ ಇಳಿಸಿರಲಿಲ್ಲ.

ಅದರ ಹಿಂದೆಯೇ ಫೋನು ರಿಂಗಾಗತೊಡಗಿತು. ನಿಂತಿತು. ಮತ್ತೆ ರಿಂಗಾಯಿತು. ಕತ್ತೆತ್ತಿ ನೋಡಿದರೆ ತೆರೆಯ ಮೇಲೆ ಅನಘಾಳ ಮುಖ. ನಾನು ಮಡಿಯಲ್ಲಿದ್ದೇನೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಬಿಡದೆ ಮಾಡುತ್ತಿದ್ದಾಳೆ. ಅಷ್ಟುದ್ದ ರಿಂಗಾದರೂ ಹಿಂದಿನ ಕೋಣೆಯಿಂದ ಅತ್ತೆ "ಯಾರೇ ಅದು?" ಎನ್ನಲಿಲ್ಲ.

ಕೈ ಚಾಚಿದೆ.

"ಶೈಲಾ! ಮುಟ್ಟಬೇಡ್ವೇ!" ಇವರು ಹಾಲ್‌ನಿಂದ ಕೂಗಿದರು. ಆಚಾರ್ಯರ ಮಂತ್ರ ಅರ್ಧಕ್ಕೆ ನಿಂತಿತು.

ಮುಟ್ಟಿದೆ. ಫೋನು ಮಂಜಿನ ಗಡ್ಡೆಯ ಹಾಗಿತ್ತು.

"ಅಮ್ಮಾ! ಪಾಟಿ ಎಲ್ಲಿ? ಅಜ್ಜೀನ ನೋಡು ಮೊದಲು! ಬ್ಲಾಗಲ್ಲಿ ಏನೋ ಬಂದಿದೆ... 'ಪದ್ದಿಯನ್ನು ಕರೆದುಕೊಂಡು ಹೋಗುವುದು' ಅಂತ. ಟಿಕ್ ಆಗಿದೇಮ್ಮಾ!"

ಅತ್ತೆಯ ಹೆಸರು ಪದ್ಮಾವತಿ. ಅವರನ್ನು 'ಪದ್ದಿ' ಎಂದು ಕರೆಯುತ್ತಿದ್ದವರು ಈ ಲೋಕದಲ್ಲಿ ಒಬ್ಬರೇ. ಅವತ್ತು ನಾವು ಎಳ್ಳುನೀರು ಬಿಡುತ್ತಿದ್ದದ್ದು ಅವರಿಗೇ.

ಓಡಿದೆ. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಇವರೂ ಎದ್ದು ಬಂದರು. ಇಬ್ಬರೂ ಭುಜ ಕೊಟ್ಟು ತಳ್ಳಿದ ಮೇಲೆ ಚಿಲಕ ಕಿತ್ತು ಬಂತು.

ಅತ್ತೆ ನೆಲದ ಮೇಲೆ ಕೂತು ಗೋಡೆಗೆ ಒರಗಿದ್ದರು. ಮೈಯೆಲ್ಲ ತಣ್ಣನೆಯ ಬೆವರು, ಕಣ್ಣು ಅರ್ಧ ಮುಚ್ಚಿತ್ತು. ಬೆಳಿಗ್ಗೆ ಉಟ್ಟಿದ್ದ ಸೀರೆ ಮೈಮೇಲಿರಲಿಲ್ಲ. ಊರಿಗೆ ಹೋಗುವಾಗ ಮಾತ್ರ ಉಡುವ ಬೂದುಬಣ್ಣದ ರೇಷ್ಮೆ ಉಟ್ಟು, ತಲೆ ಬಾಚಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದರು. ಮಂಡಿ ನೋವಿನಿಂದ ಸ್ಟೂಲು ಹತ್ತಲಾರದವರು ಬೀರುವಿನ ಮೇಲಿನ ಅಟ್ಟದಿಂದ ಆ ಸೀರೆ ಹೇಗೆ ತೆಗೆದರೋ...

ಸಕ್ಕರೆ ನೀರು ಕಲಸಿ ಚಮಚದಲ್ಲಿ ತುಟಿಗೆ ಹಚ್ಚಿದೆ. ಒಂದು ಗುಟುಕು ಇಳಿಯಿತು. ಮತ್ತೊಂದು. ಹಿಂದಿನ ಬೀದಿಯ ಡಾಕ್ಟರು ಬಂದು ಸೂಜಿ ಚುಚ್ಚಿದರು. "ಇನ್ನೂ ಸ್ವಲ್ಪ ತಡವಾಗಿದ್ದಿದ್ದರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಅತ್ತೆ ಕಣ್ಣು ಬಿಟ್ಟು ಮೊದಲು ನೋಡಿದ್ದು ನನ್ನನ್ನು. ಆ ನೋಟದಲ್ಲಿ ಕೋಪವಿತ್ತು.

"ಎಬ್ಬಿಸಿದ್ದು ಯಾಕೇ? ಎಲ್ಲ ಸರಿಯಾಗಿತ್ತು. ಬಾಗಿಲ ತನಕ ಹೋಗಿದ್ವಿ."

"ಯಾರ ಜೊತೆ ಅತ್ತೇ?"

ಅತ್ತೆ ಗೋಡೆಯ ಕಡೆ ಮಗ್ಗುಲಾದರು.

ಆಚಾರ್ಯರು ದೊಡ್ಡ ಮನಸ್ಸಿನವರು. "ಜೀವ ಉಳೀತಲ್ಲಮ್ಮ, ಅದಕ್ಕಿಂತ ಇನ್ನೇನು. ಮತ್ತೆ ಸ್ನಾನ ಮಾಡಿ ಬನ್ನಿ" ಎಂದರು. ಇಬ್ಬರೂ ಮತ್ತೆ ತಲೆಗೆ ನೀರು ಹಾಕಿಕೊಂಡೆವು. ಅನ್ನ, ವಡೆ, ಪಾಯಸ ಎಲ್ಲ ಹೊಸದಾಗಿ ಮಾಡಿದೆ. ಆ ಹೊತ್ತಿನಲ್ಲಿ ಫೋನಿನಿಂದ ಒಂದೇ ಒಂದು ಸದ್ದು ಬರಲಿಲ್ಲ. ಅದು ಇನ್ನೂ ಹೆಚ್ಚು ಹೆದರಿಸಿತು.

ಎಲ್ಲರ ಊಟವಾದ ಮೇಲೆ ಫೋನು ತೆಗೆದು ನೋಡಿದೆ. ಅಡುಗೆಯ ಪೋಸ್ಟುಗಳೆಲ್ಲ ಬ್ಲಾಗಿನಲ್ಲಿದ್ದವು. ನಾನು ಮಾಡಿದ ಕ್ರಮದಲ್ಲೇ. ಕೊನೆಯದು ಮಾತ್ರ ಇರಲಿಲ್ಲ. ಆ್ಯಪ್ ತೆರೆದೆ. ಪಟ್ಟಿಯ ಬುಡದಲ್ಲಿ ಆ ಸಾಲಿತ್ತು. ಆದರೆ ಅದರ ಮುಂದಿನ ಚೌಕ ಖಾಲಿ. ಯಾರೋ ಟಿಕ್ ತೆಗೆದಿದ್ದರು. ಆಗಬೇಕಾದ ಕೆಲಸ ಇನ್ನೂ ಆಗಿಲ್ಲ ಎನ್ನುವ ಹಾಗೆ.

ಅನಘಾಗೆ ಫೋನ್ ಮಾಡಿದೆ. ಫೋನಿನಲ್ಲಿ ಏನೇ ಎಡವಟ್ಟಾದರೂ 'ಬಗ್ಗುಮ್ಮಾ, ಪ್ರೋಗ್ರಾಮಿನ ತಪ್ಪು' ಎಂದು ನಗುವ ಹುಡುಗಿ ಅವತ್ತು ನಗಲಿಲ್ಲ.

"ಟಿಕ್ ಹಾಕಿದ್ರೆ ಪೋಸ್ಟ್ ಹೋಗೋ ಹಾಗೆ ಮಾತ್ರ ಮಾಡಿದ್ದೆ ನಾನು. ಟಿಕ್ ತೆಗೆದ್ರೆ ಪೋಸ್ಟ್ ಇಳಿಯೋ ಹಾಗೆ ನಾ ಸೆಟ್ ಮಾಡೇ ಇಲ್ಲೈಮ್ಮಾ."

"ಬೇರೆ ಯಾರಾದ್ರೂ ಒಳಗೆ ಬಂದು ಬರೆದಿರಬಹುದಾ?"

"ಹಿಸ್ಟರಿ ತೆಗೆದು ಪಾರ್ತೇನ್. ಎಲ್ಲಾ ನಿನ್ನ ಫೋನಿಂದಾನೇ ಆಗಿದೆ."

ಅವಳು ಅಲ್ಲಿಂದಲೇ ಆ ಜೋಡಣೆ ಕಡಿದು ಹಾಕಿದಳು. ಸಾಲನ್ನು ನಾನೇ ಅಳಿಸಿದೆ. ಎರಡು ಸಲ ಒತ್ತಿದ ಮೇಲೆ ಹೋಯಿತು. ಅತ್ತೆ ಔಷಧಿಯ ಮಂಪರಿನಲ್ಲಿ ಮಲಗಿದ್ದರು. ಬೂದುಬಣ್ಣದ ಸೀರೆ ಬಿಡಿಸಲು ಹೋದರೆ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಾಗೇ ಬಿಟ್ಟೆ. ಇವರು ಅವರ ಕಾಲ ಬಳಿ ಕೂತರು. ಆಗಿದ್ದು ಆಗಿಹೋಯಿತು, ಇನ್ನೇನೂ ಇಲ್ಲ ಎಂದು ನಮಗೆ ನಾವೇ ಹೇಳಿಕೊಂಡೆವು.

ದೀಪ ಹಚ್ಚುವ ಹೊತ್ತಿಗೆ ಕಾಲಿಂಗ್ ಬೆಲ್ ಆಯಿತು. ಎದುರು ಮನೆಯ ಸ್ಟೆಲ್ಲಾ ಅಕ್ಕ. ನಮ್ಮ ಟವೆಲ್ ಗಾಳಿಗೆ ಹಾರಿ ಅವರ ಬಾಲ್ಕನಿಗೆ ಬಿದ್ದಿತ್ತಂತೆ, ಮಡಿಸಿ ತಂದಿದ್ದರು. ಅತ್ತೆ ಹೇಗಿದ್ದಾರೆಂದು ಕೇಳಿದರು. ಮಲಗಿದ್ದಾರೆ ಎಂದೆ. ಟವೆಲ್ ನನ್ನ ಕೈಗಿಟ್ಟು ಹೊರಟವರು ತಿರುಗಿ, ತಮ್ಮ ತಮಿಳಿನಲ್ಲಿ, ಸಣ್ಣ ದನಿಯಲ್ಲಿ ಆಕ್ಷೇಪಿಸುವ ಹಾಗೆ ಅಂದರು:

"ಏನಮ್ಮಾ ಶೈಲಾ, ನಿಮ್ಮ ಮನೆಗೆ ಬಂದಿರೋ ಆ ದೊಡ್ಡವರನ್ನ ಅವಾಗಿಂದ ಮೆಟ್ಟಿಲ ಮೇಲೇ ಕೂರಿಸಿದೀರಲ್ಲ! ಒಳಗೆ ಬನ್ನಿ ಅಂತ ಕರೀಬಾರ್ದಾ? ನಾನೇ ಒಂದು ಕುರ್ಚಿ ತರ್ಲಾ ಅಂದೆ. ಬೇಡಮ್ಮಾ, ಅವಳು ಎದ್ದ ತಕ್ಷಣ ನಾವಿಬ್ರೂ ಹೊರಟುಬಿಡ್ತೀವಿ ಅಂದ್ರು."